ಉಗುರಿನ ಪಕ್ಕದ ಚರ್ಮ ಕೀಳುವ ಕೈಗೆ ಬೇರೆ ಕೆಲಸ ಕೊಡು

ಇಂಗ್ಲೆಂಡಿನ ಲೀಡ್ಸ್‌ಗೆ ಎಂ.ಎಸ್‌ಸಿ. ಮಾಡೋಕೆ ಬಂದಿದ್ದೀಯ, ಅಕ್ಟೋಬರ್ ಕೊನೆಗೆ ಗಡಿಯಾರ ಒಂದು ಗಂಟೆ ಹಿಂದೆ ಹೋದಾಗಿನಿಂದ ಸುಮ್ನೆ ಎದೆ ಡವಡವ ಅನ್ನುತ್ತದೆ, ರಾತ್ರಿ ಲ್ಯಾಪ್‌ಟಾಪ್ ಮುಂದೆ ಕೂತರೆ ಹೆಬ್ಬೆರಳಿನ ಪಕ್ಕದ ಚರ್ಮ ಕಿತ್ತು ಕಿತ್ತು ರಕ್ತ ಬರುತ್ತದೆ, ಯಾರೋ ಜಿಮ್‌ಗೆ ಸೇರು ಅಂದರು, ಅದರಿಂದ ನಿಜವಾಗಿ ಉಪಯೋಗ ಇದೆಯಾ ಅಂತ ಕೇಳಿದ್ದೀಯ. ಇದೆ. ಆದರೆ ದುಡ್ಡು ಕಟ್ಟುವ ಮುಂಚೆ ಇದನ್ನು ಓದು. ಅಕ್ಕ ಅಂತ ಕರೆದಿದ್ದೀಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ. ನಾನು ಈ ಊರಲ್ಲಿ ಬೇರೂರಿ ಬಹಳ ವರ್ಷ ಆಯಿತು, ಚರ್ಮ ಕೀಳುವುದು ನನಗೂ ಇತ್ತು, ಈಗಲೂ ಪೂರ್ತಿ ಹೋಗಿಲ್ಲ.

ನಮ್ಮ ಮನೆಗಳಲ್ಲಿ ಇದಕ್ಕೆ "ಕೈ ತೆಗಿ" ಅಂತ ಗದರುವುದೊಂದೇ ಔಷಧಿ, ಅಲ್ವಾ? ಗದರಿದರೆ ಹೋಗುವಂಥದ್ದಲ್ಲ ಇದು. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲೇ ಇದನ್ನು ಪ್ರತ್ಯೇಕ ತೊಂದರೆ ಅಂತ ಮಾನಸಿಕ ತೊಂದರೆಗಳ ತನ್ನ ಕೈಪಿಡಿಗೆ ಸೇರಿಸಿದೆ. ಕೆಲವು ಸಲ ಗೊತ್ತೇ ಆಗದೆ ಕೀಳುತ್ತೇವೆ, ಓದುವಾಗ, ಫೋನ್ ನೋಡುವಾಗ. ಕೆಲವು ಸಲ ಕಳವಳ ಏರಿ ಏರಿ, ಕಿತ್ತ ಮೇಲೆ ಒಂದು ಕ್ಷಣ ಹಾಯೆನಿಸಿ, ಆಮೇಲೆ ನಾಚಿಕೆ. ವ್ಯಾಯಾಮ ಈ ಎರಡನೇ ಥರದ್ದಕ್ಕೆ ಜಾಸ್ತಿ ಕೆಲಸ ಮಾಡಬಹುದು, ಯಾಕೆಂದರೆ ಒಳಗಿನ ಚಡಪಡಿಕೆಗೆ ಹೊರಗೆ ಹೋಗಲು ದಾರಿ ಸಿಗುತ್ತದೆ. ಇನ್ನೊಂದು ಲಾಭವೂ ಇದೆ. ಓಡಿದಾಗ ಎದೆ ಬಡಿದುಕೊಳ್ಳುತ್ತದೆ, ಉಸಿರು ಮೇಲಕ್ಕೆ ಬರುತ್ತದೆ, ನಿಂತರೆ ತಾನಾಗೇ ಇಳಿಯುತ್ತದೆ. ಇದು ರೂಢಿಯಾದರೆ ಗಾಬರಿಯಲ್ಲಿ ಎದೆ ಹೊಡೆದುಕೊಂಡಾಗ "ಏನೋ ಆಗಿಬಿಡುತ್ತದೆ" ಅನ್ನುವ ಭಯ ಸ್ವಲ್ಪ ಕಡಿಮೆ ಆಗುತ್ತದೆ.

ಈಗ ಮುಖ್ಯವಾದ ಮಾತು. ಎಷ್ಟು ಹೊತ್ತು ಅನ್ನುವುದಕ್ಕಿಂತ ಯಾವ ಹೊತ್ತಿಗೆ ಅನ್ನುವುದನ್ನು ನೋಡು. ನಿನ್ನ ಕೈ ಯಾವಾಗ ಚರ್ಮಕ್ಕೆ ಹೋಗುತ್ತದೆ? ಊಟ ಆದ ಮೇಲೆ ಅಸೈನ್‌ಮೆಂಟ್ ತೆಗೆದಾಗ ಅಂದಿದ್ದೀಯ. ಹಾಗಾದರೆ ಬೆಳಗ್ಗೆ ಆರಕ್ಕೆ ಎದ್ದು ಓಡುವ ಶಪಥ ಬೇಡ, ಈ ಚಳಿಯಲ್ಲಿ ಅದು ಒಂದು ವಾರವೂ ನಡೆಯುವುದಿಲ್ಲ. ಅದೇ ಹೊತ್ತಿಗೆ, ರೂಮಿನಲ್ಲೇ, ನಿಧಾನಕ್ಕೆ ಒಂದಷ್ಟು ಸೂರ್ಯ ನಮಸ್ಕಾರ ಹಾಕು. ಡಿಸೆಂಬರ್‌ನಲ್ಲಿ ಇಲ್ಲಿ ನಾಲ್ಕಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ, ಅವನು ಇಲ್ಲದಿದ್ದರೂ ನಮಸ್ಕಾರ ನಡೆಯುತ್ತದೆ ಬಿಡು. ಅದರಲ್ಲಿ ಅಂಗೈ ನೆಲಕ್ಕೆ ಊರಿರುತ್ತದೆ, ಹತ್ತು ಬೆರಳೂ ಭಾರ ಹೊತ್ತಿರುತ್ತವೆ, ಕೀಳೋಕೆ ಬೆರಳೇ ಖಾಲಿ ಇರುವುದಿಲ್ಲ. ಬರೀ ನಡಿಗೆಯಲ್ಲಿ ಈ ಅನುಕೂಲ ಇಲ್ಲ, ಜೇಬೊಳಗೆ ಕೈ ಹಾಕಿಕೊಂಡೇ ಹೆಬ್ಬೆರಳು ಕೆರೆಯಬಹುದು. ಹಾಗಾಗಿ ನಡೆಯುವಾಗ ಉಣ್ಣೆಯ ಗ್ಲೌಸ್ ಹಾಕಿಕೋ, ಚಳಿಗೂ ಆಯಿತು.

ಹಗಲು ಬೆಳಕಲ್ಲಿ ಹೊರಗೆ ಹೋಗುವುದನ್ನೂ ಬಿಡಬೇಡ. ನಿಮ್ಮ ಯೂನಿವರ್ಸಿಟಿಯ ಪಕ್ಕದಲ್ಲೇ ವುಡ್‌ಹೌಸ್ ಮೂರ್ ಅನ್ನುವ ಪಾರ್ಕ್ ಇದೆ, ಅಲ್ಲಿ ಶನಿವಾರ ಬೆಳಗ್ಗೆ ಒಂಬತ್ತಕ್ಕೆ ಪಾರ್ಕ್‌ರನ್ ಅನ್ನುವ ಸಾಮೂಹಿಕ ಓಟ ನಡೆಯುತ್ತದೆ. ಐದು ಕಿಲೋಮೀಟರ್, ಪೂರ್ತಿ ಉಚಿತ, ನಡೆದರೂ ಯಾರೂ ಏನೂ ಅನ್ನುವುದಿಲ್ಲ, ಎಲ್ಲರಿಗಿಂತ ಹಿಂದೆ ಬರೋಕೆ ಅಂತಲೇ ಒಬ್ಬ ಸ್ವಯಂಸೇವಕರು ಇರುತ್ತಾರೆ. ಯಾರ ಜೊತೆಗೂ ಮಾತಾಡದ ವಾರದಲ್ಲಿ ಅದೊಂದು "ಗುಡ್ ಮಾರ್ನಿಂಗ್" ಕೂಡ ಕಳವಳಕ್ಕೆ ಒಳ್ಳೆಯದು. ಜಿಮ್ ಆಮೇಲೆ ನೋಡೋಣ. ಈಜು ಸದ್ಯ ಬೇಡ, ತೆರೆದ ಗಾಯಕ್ಕೆ ಕ್ಲೋರಿನ್ ನೀರು ಉರಿಯುತ್ತದೆ.

ವ್ಯಾಯಾಮ ಆದ ಮೇಲೆ ಒಂದು ಹೊಂಡ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಬಿಸಿ ನೀರಿನ ಸ್ನಾನ ಮಾಡಿ ಬರುತ್ತೀಯ, ಚರ್ಮ ನೆನೆದು ಮೆತ್ತಗಾಗಿರುತ್ತದೆ, ಉಗುರಿನ ಪಕ್ಕದ ಸಿಪ್ಪೆ ಬೆಳ್ಳಗೆ ಎದ್ದು ನಿಂತಿರುತ್ತದೆ, ಎದುರಿಗೆ ಕನ್ನಡಿ, ತಲೆ ಮೇಲೆ ಪ್ರಖರ ಬೆಳಕು. ಬೆರಳಿಗೆ ಹಬ್ಬ. ಅದಕ್ಕೇ ಸ್ನಾನ ಚುಟುಕಾಗಿ ಮುಗಿಸು, ಒರೆಸಿಕೊಂಡ ತಕ್ಷಣ ವ್ಯಾಸಲಿನ್ ಹಚ್ಚು, ಎದ್ದ ಸಿಪ್ಪೆಯನ್ನು ನೇಲ್ ಕಟರ್‌ನಿಂದ ಕತ್ತರಿಸು, ಎಳೆಯಬೇಡ. ಗಾಯ ಇರುವ ಬೆರಳಿಗೆ ಬ್ಯಾಂಡ್‌ಏಡ್ ಸುತ್ತಿಯೇ ಲ್ಯಾಪ್‌ಟಾಪ್ ತೆಗಿ. ರೂಮಿನ ಹೀಟರ್ ಚರ್ಮವನ್ನು ಒಣಗಿಸುತ್ತದೆ, ಚಳಿಗಾಲದಲ್ಲಿ ಸಿಪ್ಪೆ ಜಾಸ್ತಿ ಏಳುವುದಕ್ಕೆ ಅದೂ ಒಂದು ಕಾರಣ.

ಗೊತ್ತಿಲ್ಲದೆ ಕೀಳುತ್ತೇವಲ್ಲ, ಅದಕ್ಕೆ ವ್ಯಾಯಾಮ ಒಂದೇ ಸಾಲದು. ಹ್ಯಾಬಿಟ್ ರಿವರ್ಸಲ್ ಅನ್ನುವ ಚಿಕಿತ್ಸೆ ಇದೆ, 1970ರ ದಶಕದಿಂದ ಬಳಕೆಯಲ್ಲಿದೆ. ಕೈ ಹೊರಡುವುದನ್ನು ಗುರುತಿಸುವುದು, ಗುರುತಿಸಿದ ತಕ್ಷಣ ಒಂದು ನಿಮಿಷ ಮುಷ್ಟಿ ಬಿಗಿ ಹಿಡಿಯುವುದು, ಹೀಗೆ ಅಭ್ಯಾಸ ಮಾಡಿಸುತ್ತಾರೆ. ಇಂಗ್ಲೆಂಡ್‌ನಲ್ಲಿ ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಟಾಕಿಂಗ್ ಥೆರಪೀಸ್‌ಗೆ, ಅಂದರೆ ಮಾತಿನ ಮೂಲಕ ಕೊಡುವ ಚಿಕಿತ್ಸೆಗೆ, ನೀನೇ ಆನ್‌ಲೈನ್‌ನಲ್ಲಿ ಹೆಸರು ಕೊಡಬಹುದು, ಡಾಕ್ಟರ ಚೀಟಿ ಬೇಕಿಲ್ಲ, ಫೀಸೂ ಇಲ್ಲ. ವೀಸಾ ಜೊತೆ ಹೆಲ್ತ್ ಸರ್‌ಚಾರ್ಜ್ ಅಂತ ಈ ಸೇವೆಗೇ ದುಡ್ಡು ಕಟ್ಟಿದ್ದೀಯಲ್ಲ, ಸಂಕೋಚ ಯಾಕೆ? ಜಿ.ಪಿ. (ಮೊದಲು ನೋಡುವ ಸಾಮಾನ್ಯ ಡಾಕ್ಟರ್) ಹತ್ತಿರ ಇನ್ನೂ ನೋಂದಾಯಿಸಿಲ್ಲ ಅಂತ ಬರೆದಿದ್ದೀಯ, ಅದನ್ನು ಈ ವಾರವೇ ಮಾಡು. ಹೋದಾಗ ಕೈ ಮುಚ್ಚಿಕೊಳ್ಳದೆ ತೋರಿಸು, "ಸ್ಕಿನ್ ಪಿಕ್ಕಿಂಗ್" ಅಂತಲೇ ಹೇಳು, ಸುಮ್ನೆ "ಸ್ಟ್ರೆಸ್" ಅಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಬೆರಳು ಊದಿ ಕೆಂಪಗಾಗಿ ಬಿಸಿಯಾದರೆ, ಕೀವು ಕಂಡರೆ, ಅಪಾಯಿಂಟ್‌ಮೆಂಟ್ ಸಿಗಲಿ ಅಂತ ಕಾಯದೆ ಎನ್‌ಎಚ್‌ಎಸ್‌ನ ಸಲಹಾ ನಂಬರ್ 111ಕ್ಕೆ ಫೋನ್ ಮಾಡು.