ನಲವತ್ತು ದಾಟಿದ ಮೇಲೆ ಕುಂಚ ಹಿಡಿಯಬಹುದಾ?

ಪ್ರಶ್ನೆ: ಸರ್, ನನಗೀಗ 43. ಗದಗದ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನ್ ಮಾಡ್ತೀನಿ. ಚಿತ್ರಕಲಾ ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಈಗ ಪೇಂಟಿಂಗ್ ಶುರು ಮಾಡಿದರೆ ಜನ ನಗಲ್ವಾ?

ಉತ್ತರ: ನಗಬಹುದು. ನಗಲಿ ಬಿಡಿ. ಹೆಚ್ಚುಕಡಿಮೆ ನಿಮ್ಮದೇ ವಯಸ್ಸಿನಲ್ಲಿ, ನಿಮ್ಮಂಥದ್ದೇ ಕಸುಬಿನಲ್ಲಿದ್ದ ಒಬ್ಬರ ಕಥೆ ಹೇಳ್ತೀನಿ. ಹೆಸರು ತದನೊರಿ ಯೊಕೊ. 1936ರಲ್ಲಿ ಜಪಾನಿನ ನಿಶಿವಾಕಿ ಅನ್ನುವ ನೇಯ್ಗೆಯ ಊರಿನಲ್ಲಿ ಹುಟ್ಟಿದವರು. ದತ್ತು ತೆಗೆದುಕೊಂಡು ಸಾಕಿದವರು ಕಿಮೋನೊ ಬಟ್ಟೆಯ ವ್ಯಾಪಾರಿಗಳು. ಇವರೂ ಕಲಾ ಕಾಲೇಜಿಗೆ ಹೋಗಲಿಲ್ಲ. ಕೋಬೆಯ ಪತ್ರಿಕೆಯೊಂದರಲ್ಲಿ ಡಿಸೈನ್ ಕೆಲಸ, 1960ರಲ್ಲಿ ಟೋಕಿಯೊ, ಆಮೇಲೆ ನಾಟಕದ ಪೋಸ್ಟರ್‌ಗಳು. ಕಣ್ಣಿಗೆ ಹೊಡೆಯುವ ಬಣ್ಣ, ಅಷ್ಟೇ ತುಂಟತನ. 1965ರಲ್ಲಿ ತಮ್ಮದೇ ಒಂದು ಪೋಸ್ಟರ್ ಮಾಡಿಕೊಂಡು, 29ಕ್ಕೇ ಶಿಖರ ಮುಟ್ಟಿ ಸತ್ತೆ ಅಂತ ಬರೆದುಕೊಂಡ ಆಸಾಮಿ!

1972ರಲ್ಲಿ ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಂನಲ್ಲಿ ಇವರ ಪೋಸ್ಟರ್‌ಗಳ ಪ್ರದರ್ಶನವೇ ಆಯಿತು. ತಮಾಷೆ ನೋಡಿ, ಎಂಟು ವರ್ಷದ ನಂತರ ಅದೇ ಮ್ಯೂಸಿಯಂಗೆ ಪಿಕಾಸೊ ಚಿತ್ರಗಳನ್ನು ನೋಡಲು ಹೋದರು, ಡಿಸೈನರ್ ಆಗಿ ಒಳಗೆ ಹೋದವರು ಹೊರಗೆ ಬರುವಾಗ ಪೇಂಟರ್ ಆಗಿಬಿಟ್ಟಿದ್ದರು. ಆಗ ವಯಸ್ಸು 44.

ಅವರಿಗೆ ಆಗಲೇ ಹೆಸರಿತ್ತು, ನಮಗೆಲ್ಲಿದೆ ಅಂತೀರಾ? ಒಪ್ಪಿದೆ. ಆದರೆ ಆ ಹೆಸರು ಪೋಸ್ಟರಿನದು, ಕ್ಯಾನ್ವಾಸ್ ಮುಂದೆ ಅವರೂ ಹೊಸಬರೇ. ಅಲ್ಲದೆ ಹಳೇ ಕಸುಬನ್ನು ಅವರು ತೊಳೆದು ಹಾಕಲಿಲ್ಲ, ಪೇಂಟಿಂಗಿನಲ್ಲೂ ಆ ಪೋಸ್ಟರಿನ ಬಣ್ಣಗಳು ಎದ್ದು ಕೂರುತ್ತವೆ. ನಿಮ್ಮ ಫ್ಲೆಕ್ಸ್ ಕಣ್ಣಿಗೆ ನಾಚಬೇಡಿ. ಏನು ಬರೆಯೋದು ಅನ್ನೋ ಚಿಂತೆಯೂ ಬೇಡ. 2000ದಲ್ಲಿ ಯೊಕೊ ಊರಿಗೆ ಹೋದಾಗ, ಚಿಕ್ಕಂದಿನಲ್ಲಿ ಹೋಗುತ್ತಿದ್ದ ಅಂಗಡಿ ಇರಲಿಲ್ಲ. ರಾತ್ರಿ ಫ್ಲ್ಯಾಶ್ ಹಾಕಿ ಆ ಜಾಗದ ಫೋಟೊ ತೆಗೆದರು. ತೊಳೆದು ನೋಡಿದರೆ ಬರೀ ಒಂದು ಕವಲುದಾರಿ. ಆ ಕವಲುದಾರಿಯನ್ನೇ ಹಿಡಿದು ವರ್ಷಗಟ್ಟಲೆ ಚಿತ್ರ ಬರೆದರು. ಗದಗದಲ್ಲಿ ಅಂಥ ಜಾಗಗಳಿಗೇನು ಬರವೇ?

ಪ್ರಶ್ನೆ: ಬೇರೆಯವರ ಚಿತ್ರ ನೋಡಿಕೊಂಡು ಬರೆದು ಕಲಿಯೋದು ಕದ್ದಂಗಲ್ವಾ?

ಉತ್ತರ: ಮೇಲಿನ ಯೊಕೊ ಅವರನ್ನೇ ಕೇಳಬೇಕು. ಐದು ವರ್ಷದ ಹುಡುಗನಾಗಿದ್ದಾಗ ಕತ್ತಿವೀರ ಮುಸಾಶಿಯ ಕಾಳಗದ ಚಿತ್ರವನ್ನು ಪುಸ್ತಕ ನೋಡಿ ಬರೆದವರು ಅವರು. ನೋಡಿ ಬರೆದದ್ದೇ ಅವರ ಶಾಲೆ. ಹಾಗೆ ಬರೆದದ್ದನ್ನು ನನ್ನ ಸ್ವಂತದ್ದು ಅಂತ ಮಾರಿದರೆ ಮಾತ್ರ ಕಳ್ಳತನ. 2023ರಲ್ಲಿ, 87ರ ವಯಸ್ಸಿನಲ್ಲಿ, ಟೋಕಿಯೊ ನ್ಯಾಷನಲ್ ಮ್ಯೂಸಿಯಂನಲ್ಲಿ ಅವರದ್ದೊಂದು ಪ್ರದರ್ಶನ ಆಯಿತು. ಚೀನಾ, ಜಪಾನಿನ ಕಲಾವಿದರು ನೂರಾರು ವರ್ಷದಿಂದ ಬರೆಯುತ್ತಲೇ ಬಂದಿರುವ ಹಾನ್‌ಶಾನ್, ಶಿಡೆ ಅನ್ನುವ ಹಳೇ ಕಾಲದ ಚೀನೀ ಸಂತರ ಜೋಡಿಯನ್ನು ಇವರು ನೂರಕ್ಕೂ ಜಾಸ್ತಿ ಸಲ ಬರೆದಿದ್ದರು. ಹಳೇ ಚಿತ್ರಗಳಲ್ಲಿ ಒಬ್ಬನ ಕೈಲಿ ಕಾಗದದ ಸುರುಳಿ, ಇನ್ನೊಬ್ಬನ ಕೈಲಿ ಪೊರಕೆ. ಇವರ ಚಿತ್ರದಲ್ಲಿ ಸುರುಳಿ ಹೋಗಿ ಟಾಯ್ಲೆಟ್ ಪೇಪರ್ ಬಂತು, ಪೊರಕೆ ಹೋಗಿ ವ್ಯಾಕ್ಯೂಮ್ ಕ್ಲೀನರ್. ಇದನ್ನು ಯಾರ ಹತ್ತಿರ ಕದ್ದರು ಅಂತೀರಿ?