ಎಂಟು ಔಟ್ ದೂರದಲ್ಲಿ ನಿಂತ ಸೀಸನ್: ಮ್ಯಾರಿನರ್ಸ್ ಬಗ್ಗೆ ನಿಮ್ಮ ಪ್ರಶ್ನೆ, ನನ್ನ ಉತ್ತರ

ಸಿಯಾಟಲ್ ಮ್ಯಾರಿನರ್ಸ್ ಬೇಸ್‌ಬಾಲ್ ತಂಡದ 2025ರ ಸೀಸನ್ ಬಗ್ಗೆ ಹೋದ ಸಂಚಿಕೆಯಲ್ಲಿ ಬರೆದಿದ್ದೆ. ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಎಲ್ಲಕ್ಕೂ ಜಾಗ ಸಾಲದು, ಕೆಲವನ್ನು ಆರಿಸಿಕೊಂಡಿದ್ದೇನೆ. ಹೊಸ ಓದುಗರಿಗೆ ಹೇಳಿಬಿಡುತ್ತೇನೆ: ನನ್ನ ಊರು ಅರಸೀಕೆರೆ. ಈಗಿರುವುದು ಸಿಯಾಟಲ್ ಪಕ್ಕದ ಕೆಂಟ್‌ನಲ್ಲಿ. ಆಟ ನೋಡುವುದಕ್ಕಿಂತ ರೇಡಿಯೊದಲ್ಲಿ ಕೇಳುವುದೇ ಜಾಸ್ತಿ.

ಪ್ರಶ್ನೆ: ವರ್ಷಕ್ಕೆ 162 ಪಂದ್ಯ ಎಂದು ಬರೆದಿದ್ದೀರಿ. ಅಚ್ಚಿನ ತಪ್ಪೇ? ನಿಜವಾಗಿದ್ದರೆ ದಿನಾ ಅದೇ ಆಟ ಬೇಸರ ಬರುವುದಿಲ್ಲವೇ?
— ನಿವೃತ್ತ ಬ್ಯಾಂಕ್ ಉದ್ಯೋಗಿ, ತುಮಕೂರು

ಅಚ್ಚಿನ ತಪ್ಪಲ್ಲ ಸಾರ್. 162 ಸರಿಯೇ. ಮಾರ್ಚ್ ಕೊನೆಗೆ ಶುರುವಾದರೆ ಸೆಪ್ಟೆಂಬರ್ ಕೊನೆವರೆಗೆ. 81 ಪಂದ್ಯ ನಮ್ಮೂರಲ್ಲಿ, 81 ಹೊರಗಡೆ. ವಾರಕ್ಕೆ ಆರು ದಿನ ಆಟ, ಕೆಲವು ವಾರ ಏಳೂ ದಿನ.

ಇಷ್ಟು ಆಟ ಇರುವುದರಿಂದಲೇ ಬೇಸರ ಬರುವುದಿಲ್ಲ ಅಂದರೆ ನಂಬುತ್ತೀರಾ? ಒಂದೊಂದು ಪಂದ್ಯಕ್ಕೂ ಉಸಿರು ಬಿಗಿಹಿಡಿದು ಕೂರಬೇಕಾಗಿಲ್ಲ. ಸಂಜೆ 6:40ಕ್ಕೆ ರೇಡಿಯೊದಲ್ಲಿ 710 ಹಾಕುತ್ತೇನೆ. ಸಾರಿಗೆ ಬೇಳೆ ಬೇಯುತ್ತಿರುತ್ತದೆ, ಮಗಳು ಹೋಮ್‌ವರ್ಕ್ ಮಾಡುತ್ತಿರುತ್ತಾಳೆ, ರಿಕ್ ರಿಜ್ಸ್ ಮಾತಾಡುತ್ತಿರುತ್ತಾರೆ. ಅವರು ವೀಕ್ಷಕ ವಿವರಣೆ ಕೊಡುವವರು. ನಮ್ಮವರು ಹೋಮ್ ರನ್ (ಸಿಕ್ಸರ್ ಥರ, ಗೋಡೆಯಾಚೆ ಹೋಗುವ ಹೊಡೆತ) ಹೊಡೆದರೆ 'ಗುಡ್‌ಬೈ ಬೇಸ್‌ಬಾಲ್' ಎಂದು ಕೂಗುತ್ತಾರೆ. ಆಗ ಒಲೆ ಸಣ್ಣಗೆ ಮಾಡಿ ಓಡಿಬರುತ್ತೇನೆ. ಅವರಿಗೂ ಮೊದಲು ಡೇವ್ ನೀಹಾಸ್ ಇದ್ದರು. ತಂಡ ಹುಟ್ಟಿದ 1977ರಿಂದ 2010ರಲ್ಲಿ ತೀರಿಕೊಳ್ಳುವವರೆಗೂ ಅವರದೇ ಧ್ವನಿ. ಈ ಊರಿನ ಹಿರಿಯರು ಇವತ್ತಿಗೂ ಅವರ 'ಮೈ ಓ ಮೈ' ನೆನೆಸಿಕೊಂಡು ಕಣ್ಣು ಒರೆಸಿಕೊಳ್ಳುತ್ತಾರೆ.

ಸೋಲಿನ ಲೆಕ್ಕವೇ ಇಲ್ಲಿ ಬೇರೆ. 2001ರಲ್ಲಿ ಮ್ಯಾರಿನರ್ಸ್ 116 ಪಂದ್ಯ ಗೆದ್ದು, 1906ರಲ್ಲಿ ಶಿಕಾಗೊ ಕಬ್ಸ್ ಮಾಡಿದ್ದ ದಾಖಲೆಯನ್ನು ಸರಿಗಟ್ಟಿತು. ಅಂಥ ತಂಡವೂ 46 ಸಲ ಸೋತಿತ್ತು. 2025ರಲ್ಲಿ 90 ಗೆಲುವು, 72 ಸೋಲು. ಅಷ್ಟಕ್ಕೇ ಐದು ತಂಡಗಳ ನಮ್ಮ ಗುಂಪಿನಲ್ಲಿ ಮೊದಲ ಸ್ಥಾನ, ಅದೂ 2001ರ ನಂತರ ಮೊದಲ ಬಾರಿಗೆ. ಸೋತ ರಾತ್ರಿ ಬೇಜಾರಾಗುತ್ತದೆ, ನಿಜ. ಮಲಗಿ ಎದ್ದರೆ ಮತ್ತೆ ಆಟ. ಇವತ್ತು ಯಾರು ಪಿಚ್ ಮಾಡುತ್ತಾರೆ (ಬೌಲಿಂಗ್ ಇದ್ದ ಹಾಗೆ, ಬ್ಯಾಟರ್‌ಗೆ ಚೆಂಡು ಎಸೆಯುವುದು), ಕರ್ಬಿಯೋ ಗಿಲ್ಬರ್ಟೋ ಎಂದು ಬೆಳಗ್ಗೆ ಕಾಫಿ ಕುಡಿಯುತ್ತಲೇ ನೋಡಿಕೊಳ್ಳುತ್ತೇನೆ. ಆರು ತಿಂಗಳು ದಿನಾ ಸಂಜೆ ಮನೆಗೆ ಬರುತ್ತಿದ್ದ ನೆಂಟರು ಅಕ್ಟೋಬರ್‌ನಲ್ಲಿ ಹೊರಟುಹೋದರೆ ಹೇಗಿರುತ್ತದೆ ಹೇಳಿ. ನನಗೆ ಬೇಸರ ಬರುವುದು ಆಗ.

ಪ್ರಶ್ನೆ: ಅಕ್ಕಾ, ಆರ್‌ಸಿಬಿ ಕಪ್ ಗೆದ್ದಾಯ್ತು. ನಿಮ್ಮ ತಂಡ ಯಾವಾಗ? ಗೆಲ್ಲದ ತಂಡವನ್ನು ಯಾಕೆ ಹಿಡಿದುಕೊಂಡಿದ್ದೀರಿ? ಡಾಡ್ಜರ್ಸ್ ಥರ ಗೆಲ್ಲುವ ತಂಡ ಇದೆಯಲ್ಲ?
— ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ತಮ್ಮಾ, ಆರ್‌ಸಿಬಿ 18 ವರ್ಷ ಕಾಯಿಸಿತು. ಆ 18 ವರ್ಷದಲ್ಲಿ ನೀನು ಚೆನ್ನೈಗೆ ಬದಲಾಯಿಸಿದೆಯಾ? ಇಲ್ಲ ಅಲ್ವಾ? 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಫೈನಲ್ ನಡೆಯುವಾಗ ಇಲ್ಲಿ ಬೆಳಗಿನ ಹೊತ್ತು. ಕೊನೆಯ ಓವರ್ ಮುಗಿಯುವ ಮೊದಲೇ ಕೊಹ್ಲಿ ಕಣ್ಣಲ್ಲಿ ನೀರು, ನನ್ನ ಕಣ್ಣಲ್ಲೂ. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ಪ್ರಾಣ ಕಳೆದುಕೊಂಡರು. ಅದನ್ನು ನೆನೆದರೆ ಆ ಸಂತೋಷದ ಬಗ್ಗೆ ಇನ್ನು ಮಾತಾಡಲು ಮನಸ್ಸು ಬರುವುದಿಲ್ಲ.

ಮೇಜರ್ ಲೀಗ್‌ನಲ್ಲಿ, ಅಂದರೆ ಇಲ್ಲಿನ ಬೇಸ್‌ಬಾಲ್‌ನ ಅತಿ ದೊಡ್ಡ ಲೀಗ್‌ನಲ್ಲಿ, 30 ತಂಡಗಳಿವೆ. ಅದರ ಫೈನಲ್ ಆದ ವರ್ಲ್ಡ್ ಸೀರೀಸ್‌ನಲ್ಲಿ ಒಮ್ಮೆಯೂ ಆಡದ ತಂಡ ಒಂದೇ, ಅದು ನಮ್ಮದು. ಗೆಲ್ಲುವುದು ಹಾಗಿರಲಿ, ಫೈನಲ್‌ಗೇ ಹೋಗಿಲ್ಲ. ಆದರೂ ಈ ತಂಡವನ್ನು ಯಾಕೆ ಬಿಡುವುದಿಲ್ಲ ಎಂದರೆ ನಾನು ಫೆಲಿಕ್ಸ್ ಹೆರ್ನಾಂಡೆಜ್ ಹೆಸರು ಹೇಳುತ್ತೇನೆ. ವೆನಿಜುವೆಲಾದ ಹುಡುಗ. 2005ರಲ್ಲಿ, 19ನೇ ವಯಸ್ಸಿಗೆ ಇಲ್ಲಿ ಪಿಚ್ ಮಾಡಲು ಶುರುಮಾಡಿದ. ಅವನ ಕಾಲದ ತಂಡಕ್ಕೆ ಬ್ಯಾಟಿಂಗ್ ಬಲವೇ ಇರಲಿಲ್ಲ. ಅವನು ಚೆನ್ನಾಗಿ ಆಡಿದರೂ ಇವರು ರನ್ ಮಾಡುತ್ತಿರಲಿಲ್ಲ. ಬೇರೆ ಯಾವ ದೊಡ್ಡ ತಂಡವಾದರೂ ಅವನನ್ನು ಎರಡೂ ಕೈಯಲ್ಲಿ ಬರಮಾಡಿಕೊಳ್ಳುತ್ತಿತ್ತು. ಅವನು ಇಲ್ಲೇ ಉಳಿದ. 2012ರ ಆಗಸ್ಟ್ 15ರಂದು ಟ್ಯಾಂಪಾ ಬೇ ವಿರುದ್ಧ ಬಂದ 27 ಬ್ಯಾಟರ್‌ಗಳನ್ನೂ ಔಟ್ ಮಾಡಿದ, ಒಬ್ಬನನ್ನೂ ಬೇಸ್ (ರನ್ನಿಗಾಗಿ ಓಡುವಾಗ ಮುಟ್ಟಬೇಕಾದ ಠಾಣೆ) ಮುಟ್ಟಲು ಬಿಡಲಿಲ್ಲ. ಪರ್ಫೆಕ್ಟ್ ಗೇಮ್ ಎನ್ನುವುದು ಇದಕ್ಕೇ. ಆವತ್ತೂ ನಮ್ಮವರು ಹೊಡೆದದ್ದು ಒಂದೇ ರನ್! ಅವನು ಪಿಚ್ ಮಾಡುವ ರಾತ್ರಿ ಎಡಗಡೆ ಮೂಲೆಯ ಸೀಟುಗಳೆಲ್ಲ ಹಳದಿ ಅಂಗಿಯವರಿಂದ ತುಂಬುತ್ತಿದ್ದವು, 'ಕಿಂಗ್ಸ್ ಕೋರ್ಟ್' ಎಂದು. 2019ರವರೆಗೆ ಆಡಿದ. ಅಕ್ಟೋಬರ್ ತಿಂಗಳ ಒಂದೇ ಒಂದು ನಾಕೌಟ್ ಪಂದ್ಯವನ್ನೂ ಆಡದೆ ಹೋದ. ಅಂಥವನು ನಿಂತ ತಂಡ ಇದು. ನಾನು ಡಾಡ್ಜರ್ಸ್ ಕಡೆ ಹೋಗಲಾರೆ.

ಪ್ರಶ್ನೆ: ನಾನು ಶಾಲೆಯ ತಂಡದಲ್ಲಿ ವಿಕೆಟ್ ಕೀಪರ್. ಕ್ಯಾಚರ್ ಒಬ್ಬರು 60 ಹೋಮ್ ರನ್ ಹೊಡೆದರು ಎಂದು ಬರೆದಿದ್ದಿರಿ. ಅದರಲ್ಲಿ ಅಷ್ಟೊಂದು ವಿಶೇಷ ಏನು?
— ಎಂಟನೇ ತರಗತಿ ವಿದ್ಯಾರ್ಥಿನಿ, ಮೈಸೂರು

ಪುಟ್ಟೀ, ನಿನಗಿಂತ ಚೆನ್ನಾಗಿ ಇದು ಯಾರಿಗೆ ಅರ್ಥವಾಗುತ್ತದೆ! ಕೀಪಿಂಗ್ ಮಾಡಿ ಮಂಡಿ ನೋಯುತ್ತದಲ್ಲ? ಕ್ಯಾಚರ್ ಎಂದರೆ ಬೇಸ್‌ಬಾಲ್‌ನ ಕೀಪರ್; ನಮ್ಮ ಕ್ಯಾಚರ್ ಕ್ಯಾಲ್ ರಾಲಿ ಅದನ್ನು ಆರು ತಿಂಗಳು ಮಾಡುತ್ತಾನೆ. ಗಂಟೆಗೆ 150 ಕಿಲೋಮೀಟರ್ ದಾಟಿ ಬರುವ ಚೆಂಡಿಗೆ ಕುಕ್ಕರುಗಾಲಲ್ಲಿ ಕೂತಿರುತ್ತಾನೆ. ಬ್ಯಾಟಿಗೆ ತಗುಲಿ ಸಿಡಿದ ಚೆಂಡು ಭುಜಕ್ಕೆ, ಮುಖವಾಡಕ್ಕೆ ಬಡಿಯುತ್ತದೆ. ಯಾವ ಬ್ಯಾಟರ್‌ಗೆ ಯಾವ ಚೆಂಡು ಎಂದು ಪಿಚರ್‌ಗೆ ಸೂಚನೆ ಕೊಡುವುದೂ ಅವನೇ. ಇಷ್ಟೆಲ್ಲ ಮಾಡಿ ಬ್ಯಾಟ್ ಹಿಡಿಯುವವನಿಂದ ಯಾರೂ ಹೆಚ್ಚು ಹೋಮ್ ರನ್ ಕೇಳುವುದಿಲ್ಲ.

ಅವನಿಗೆ ಮೊದಲು, ಒಂದು ಸೀಸನ್‌ನಲ್ಲಿ ಕ್ಯಾಚರ್‌ಗಳ ದಾಖಲೆ 48. ಎಡಕ್ಕೂ ಬಲಕ್ಕೂ ನಿಂತು ಹೊಡೆಯುವವರಲ್ಲಿ ಮಿಕ್ಕಿ ಮ್ಯಾಂಟಲ್ 1961ರಲ್ಲಿ ಹೊಡೆದ 54. ಮ್ಯಾರಿನರ್ಸ್ ಮಟ್ಟಿಗೆ ಕೆನ್ ಗ್ರಿಫಿ ಜೂನಿಯರ್ ಹೊಡೆದ 56. ಒಂದೇ ಸೀಸನ್‌ನಲ್ಲಿ ಮೂರನ್ನೂ ದಾಟಿದ. ಸೆಪ್ಟೆಂಬರ್ 24ರಂದು ಕೊಲರಾಡೊ ವಿರುದ್ಧ 59 ಮತ್ತು 60, ಅದೇ ರಾತ್ರಿ ತಂಡ ಗುಂಪಿನ ಅಗ್ರಸ್ಥಾನ ಖಚಿತ ಮಾಡಿಕೊಂಡಿತು. ಮೇಜರ್ ಲೀಗ್ ಚರಿತ್ರೆಯಲ್ಲಿ 60 ಮುಟ್ಟಿದವರಲ್ಲಿ ಅವನು ಏಳನೆಯವನು.

ಇನ್ನೊಂದು ವಿಷಯ ನಿನಗೆ ಇಷ್ಟವಾಗುತ್ತದೆ. ಜುಲೈನಲ್ಲಿ ಅಟ್ಲಾಂಟಾದಲ್ಲಿ ನಡೆದ ಹೋಮ್ ರನ್ ಸ್ಪರ್ಧೆಯಲ್ಲಿ ಅವನಿಗೆ ಚೆಂಡು ಹಾಕಿದ್ದು ಅಪ್ಪ, ಹಿಂದೆ ಕೂತು ಹಿಡಿದಿದ್ದು ತಮ್ಮ. ಗೆದ್ದ! ಆ ವಿಡಿಯೊ ಸಿಕ್ಕರೆ ಮನೆಯವರ ಜೊತೆ ನೋಡು.

ಪ್ರಶ್ನೆ: ಮಾಟ ಮಾಡಿಸಿ ಗೆದ್ದರಂತೆ, ಹೌದಾ?
— ಓದುಗರು, ಕೋಲಾರ

ಸೆಪ್ಟೆಂಬರ್ ಶುರುವಿನಲ್ಲಿ ತಂಡ ಎಡವುತ್ತಿತ್ತು. ಅಭಿಮಾನಿಯೊಬ್ಬರು ಎಟ್ಸಿ ಎಂಬ ಆನ್‌ಲೈನ್ ಅಂಗಡಿಯಲ್ಲಿ ದುಡ್ಡು ಕೊಟ್ಟು ಮಂತ್ರ ಹಾಕಿಸಿದರು. ಆಮೇಲೆ ಸತತ 10 ಗೆಲುವು ಬಂದಿದ್ದು ನಿಜ. ನಾನಂತೂ ಆ ಶ್ರೇಯವನ್ನು ಪಿಚರ್‌ಗಳಿಗೆ ಕೊಡುತ್ತೇನೆ. ಹ್ಯೂಸ್ಟನ್‌ಗೇ ಹೋಗಿ ಆ್ಯಸ್ಟ್ರೋಸ್ ವಿರುದ್ಧ ಮೂರಕ್ಕೆ ಮೂರೂ ಗೆದ್ದು ಬಂದದ್ದು ಬೆವರಿನ ಕೆಲಸ.

ಪ್ರಶ್ನೆ: ನನ್ನ ಮಗ ಬೆಲ್ವ್ಯೂನಲ್ಲಿದ್ದಾನೆ. ಅವನಿಗೂ ಈ ತಂಡದ ಹುಚ್ಚು. ದೀಪಾವಳಿ ಶುಭಾಶಯ ಹೇಳೋಣ ಎಂದು ಅಕ್ಟೋಬರ್ 21ರ ಬೆಳಗ್ಗೆ ಫೋನ್ ಮಾಡಿದರೆ ಸರಿಯಾಗಿ ಮಾತೇ ಆಡಲಿಲ್ಲ. 'ಸೋತ್ವಮ್ಮ' ಎಂದಷ್ಟೇ ಹೇಳಿದ. ಒಂದು ಆಟಕ್ಕೆ ಇಷ್ಟು ಸಂಕಟವೇ? ನಾನು ಏನು ಹೇಳಬೇಕಿತ್ತು?
— ಒಬ್ಬ ತಾಯಿ, ಶಿವಮೊಗ್ಗ

ಅಮ್ಮಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಫೋನ್ ಮಾಡಿದಾಗ ಇಲ್ಲಿ 20ನೇ ತಾರೀಖಿನ ರಾತ್ರಿ. ಆಟ ಮುಗಿದ ಹೊತ್ತಿಗೇ ನಿಮ್ಮ ಫೋನ್ ಬಂದಿರಬೇಕು. ನಮ್ಮ ಮನೆಯಲ್ಲೂ ಅವತ್ತು ಹಣತೆ ಉರಿಯುತ್ತಿತ್ತು, ಹೋಳಿಗೆ ತಟ್ಟೆಯಲ್ಲೇ ಉಳಿಯಿತು.

ನಡೆದಿದ್ದನ್ನು ಹೇಳುತ್ತೇನೆ, ಆಗ ಅವನ ಮನಸ್ಸು ತಿಳಿಯುತ್ತದೆ. ವರ್ಲ್ಡ್ ಸೀರೀಸ್‌ಗೆ ಹೋಗಲು ಟೊರಾಂಟೊ ಬ್ಲೂ ಜೇಸ್ ವಿರುದ್ಧ ಏಳರಲ್ಲಿ ನಾಲ್ಕು ಗೆಲ್ಲಬೇಕಿತ್ತು. ಮೊದಲೆರಡನ್ನು ಅವರ ಊರಲ್ಲೇ ಗೆದ್ದೆವು. ಆಮೇಲೆ ನಮ್ಮೂರಲ್ಲಿ ಎರಡು ಸೋತೆವು. ಐದನೆಯದರಲ್ಲಿ ಎಂಟನೇ ಇನಿಂಗ್ಸ್‌ವರೆಗೂ ಹಿಂದೆ (ಒಂದು ಪಂದ್ಯಕ್ಕೆ ಒಂಬತ್ತು ಇನಿಂಗ್ಸ್, ಪ್ರತಿ ಇನಿಂಗ್ಸ್‌ನಲ್ಲಿ ಒಂದೊಂದು ತಂಡಕ್ಕೂ ಮೂರು ಔಟ್). ರಾಲಿ ಹೋಮ್ ರನ್ ಹೊಡೆದು ಸಮ ಮಾಡಿದ. ಅದೇ ಇನಿಂಗ್ಸ್‌ನಲ್ಲಿ ಯುಹೇನಿಯೊ ಸುವಾರೆಜ್ ಬೇಸ್‌ಗಳೆಲ್ಲ ತುಂಬಿದ್ದಾಗ ಹೊಡೆದ, ಒಂದೇ ಏಟಿಗೆ ನಾಲ್ಕು ರನ್. ಸುವಾರೆಜ್ ಹಿಂದೆ ಇಲ್ಲೇ ಆಡುತ್ತಿದ್ದವನು. ಅವನನ್ನು ಅರಿಜೋನಾಗೆ ಕಳಿಸಿಬಿಟ್ಟಿದ್ದರು, ಜುಲೈ ಕೊನೆಗಷ್ಟೇ ವಾಪಸ್ ಕರೆತಂದಿದ್ದರು. ಆ ರಾತ್ರಿ ಊರಿಗೆ ಊರೇ ಕುಣಿಯಿತು. ಇನ್ನೊಂದು ಗೆದ್ದರೆ ಸಾಕಿತ್ತು. ಆರನೆಯದು ಹೋಯಿತು.

ಏಳನೆಯದರಲ್ಲಿ 3-1ರಿಂದ ಮುಂದಿದ್ದೆವು. ಏಳನೇ ಇನಿಂಗ್ಸ್, ಒಬ್ಬ ಔಟ್, ಇನ್ನು ಎಂಟು ಔಟ್ ತೆಗೆದರೆ 49 ಸೀಸನ್‌ಗಳ ಕಾಯುವಿಕೆ ಮುಗಿಯುತ್ತಿತ್ತು. ಬೇಸ್ ಮೇಲೆ ಅವರ ಇಬ್ಬರಿದ್ದರು. ಜಾರ್ಜ್ ಸ್ಪ್ರಿಂಗರ್ ಎಡಗಡೆ ಗೋಡೆಯಾಚೆ ಹೊಡೆದ. 4-3. ಅಲ್ಲಿಂದ ಮುಂದೆ ನಮಗೆ ಒಂದು ರನ್ನೂ ಬರಲಿಲ್ಲ. ಕೊನೆಗೆ ಹುಲಿಯೊ ರಾಡ್ರಿಗೆಜ್ ಔಟಾದಾಗ, ಮುಂದಿನ ಸರದಿಗೆ ಬ್ಯಾಟ್ ಹಿಡಿದು ಕಾಯುತ್ತಾ ನಿಂತಿದ್ದವನು ರಾಲಿ. ಅವನಿಗೆ ಆ ಅವಕಾಶ ಬರಲಿಲ್ಲ.

ಇದು ಒಂದು ಆಟದ ಸಂಕಟ ಅಲ್ಲಮ್ಮ. ಮಾರ್ಚ್‌ನಿಂದ ಅವನು ಈ ಹುಡುಗರ ಜೊತೆ ದಿನಾ ಸಂಜೆ ಕಳೆದಿದ್ದಾನೆ. ಯಾರಿಗೆ ಮೊಣಕೈ ನೋವು, ಯಾರಿಗೆ ಮಗು ಹುಟ್ಟಿತು, ಎಲ್ಲ ಗೊತ್ತಿರುತ್ತದೆ. ಮತ್ತೆ ಅದೇ ತಂಡ ಮುಂದಿನ ವರ್ಷ ಹಾಗೇ ಇರುವುದೂ ಇಲ್ಲ. ಜಾಶ್ ನೇಲರ್ ಐದು ವರ್ಷಕ್ಕೆ ಉಳಿದುಕೊಂಡ, ಸದ್ಯ. ಹೋರ್ಹೆ ಪೊಲಾಂಕೊ ನ್ಯೂಯಾರ್ಕ್ ಮೆಟ್ಸ್‌ಗೆ ಹೋದ.

'ಆಟ ತಾನೇ, ಬಿಡು' ಎಂದು ನೀವು ಹೇಳಲಿಲ್ಲವಲ್ಲ, ಅದೇ ಒಳ್ಳೆಯದಾಯಿತು. ಈಗ ಫೋನ್ ಮಾಡಿ ಒಂದು ಮಾತು ಕೇಳಿ: 'ಅಕ್ಟೋಬರ್ 10ರ ರಾತ್ರಿ ನೀನು ಎಲ್ಲಿದ್ದೆ?' ಆ ದಿನ ಡೆಟ್ರಾಯಿಟ್ ಟೈಗರ್ಸ್ ಜೊತೆ ಮಾಡು ಇಲ್ಲವೇ ಮಡಿ ಪಂದ್ಯ. ಒಂಬತ್ತು ಇನಿಂಗ್ಸ್‌ಗೆ ಮುಗಿಯಬೇಕಾದ್ದು 15ಕ್ಕೆ ಹೋಯಿತು, ಹತ್ತಿರ ಹತ್ತಿರ ಐದು ಗಂಟೆ. ಏಳನೇ ಇನಿಂಗ್ಸ್‌ನಲ್ಲಿ ಸಮ ಮಾಡಿಕೊಟ್ಟವನು ಲಿಯೊ ರಿವಾಸ್, ಅವತ್ತು ಅವನ ಹುಟ್ಟುಹಬ್ಬ. 15ರಲ್ಲಿ ಗೆಲುವಿನ ಹೊಡೆತ ಪೊಲಾಂಕೊನದು. ನಿಮ್ಮ ಮಗ ಅರ್ಧ ಗಂಟೆ ಮಾತಾಡುತ್ತಾನೆ, ನೋಡುತ್ತಿರಿ. ನೀವು ಸುಮ್ನೆ ಕೇಳಿಸಿಕೊಳ್ಳಿ, ಅರ್ಥವಾಗದಿದ್ದರೂ ಪರವಾಗಿಲ್ಲ.

ಇನ್ನೊಂದು. ಇಲ್ಲಿಯ ಸಂಜೆ 6:40ರ ಆಟ ನಿಮಗೆ ಬೇಸಿಗೆಯಲ್ಲಿ ಮರುದಿನ ಬೆಳಗ್ಗೆ 7:10. ಕಾಫಿ ಹೊತ್ತು. ಮೊಬೈಲಿನಲ್ಲಿ ಸ್ಕೋರ್ ನೋಡಿ ಒಮ್ಮೊಮ್ಮೆ 'ಇವತ್ತು ಗೆದ್ದರಾ?' ಎಂದು ಮೆಸೇಜ್ ಹಾಕಿ. ಅವನಿಗೆ ಎಷ್ಟು ಖುಷಿಯಾಗುತ್ತದೆ ಎಂದು ನಾನು ಹೇಳಬಲ್ಲೆ. ನನ್ನ ಅಮ್ಮ ಅರಸೀಕೆರೆಯಿಂದ ಹಾಗೇ ಹಾಕುತ್ತಾರೆ.

ಪ್ರಶ್ನೆ: ಕೆಲಸಕ್ಕೆಂದು ಏಪ್ರಿಲ್‌ನಲ್ಲಿ ಸಿಯಾಟಲ್‌ಗೆ ಬರುತ್ತಿದ್ದೇನೆ. ಒಂದು ಪಂದ್ಯ ನೋಡಬೇಕು. ಹೇಗೆ ಹೋಗುವುದು, ಎಲ್ಲಿ ಕೂರುವುದು? ನಾನು ಸಸ್ಯಾಹಾರಿ.
— ಸಾಫ್ಟ್‌ವೇರ್ ಉದ್ಯೋಗಿ, ಹುಬ್ಬಳ್ಳಿ

ಬನ್ನಿ ಬನ್ನಿ. ಲಿಂಕ್ ರೈಲಿನಲ್ಲಿ ಸ್ಟೇಡಿಯಂ ನಿಲ್ದಾಣಕ್ಕೆ ಬಂದು ಇಳಿಯಿರಿ, ನಮ್ಮ ತಂಡದ ಮೈದಾನ ಟಿ-ಮೊಬೈಲ್ ಪಾರ್ಕ್ ನಡೆಯುವಷ್ಟೇ ದೂರ. ಕಾರು ತಂದರೆ ಪಾರ್ಕಿಂಗ್‌ಗೆ ಟಿಕೆಟ್‌ಗಿಂತ ಜಾಸ್ತಿ ಕೊಟ್ಟರೂ ಕೊಡಬೇಕು. ವಾರದ ಮಧ್ಯದ ಪಂದ್ಯ ಆರಿಸಿಕೊಳ್ಳಿ, ಅಗ್ಗ. ಮೊದಲ ಸಲಕ್ಕೆ ಮೇಲಿನ ಮಹಡಿಯಲ್ಲಿ, ಬ್ಯಾಟರ್ ನಿಲ್ಲುವ ಜಾಗದ ಹಿಂದೆ ಕೂರುವುದು ಒಳ್ಳೆಯದು. ಫೀಲ್ಡರ್‌ಗಳು ಹೇಗೆ ಜಾಗ ಬದಲಿಸುತ್ತಾರೆ ಎನ್ನುವುದು ಅಲ್ಲಿಂದ ಚೆನ್ನಾಗಿ ಕಾಣುತ್ತದೆ. ಪಿಚರ್ ಕೈಯನ್ನೇ ನೋಡಿ, ಚೆಂಡು ಎಲ್ಲಿ ಹೋಯಿತು ಎನ್ನುವುದು ತಾನಾಗಿ ತಿಳಿಯುತ್ತದೆ.

ಊಟ ಹೊರಗಿನಿಂದ ತರಲು ಬಿಡುತ್ತಾರೆ, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ನಾನು ಚಿತ್ರಾನ್ನ, ಕೋಡುಬಳೆ ತರುತ್ತೇನೆ. ಒಳಗೆ ಬೆಳ್ಳುಳ್ಳಿ ಹಾಕಿದ ಆಲೂಗಡ್ಡೆ ಫ್ರೈಸ್ ಸಿಗುತ್ತದೆ, ಗೇಟಿನಿಂದಲೇ ಘಮ ಬರುತ್ತದೆ. ಹುರಿದ ಮಿಡತೆಯನ್ನೂ ಮಾರುತ್ತಾರೆ, ನಿಮಗೆ ಅದು ಬೇಡ.

ಪೆನ್ಸಿಲ್ ಮತ್ತು ಒಂದು ಸ್ಕೋರ್‌ಕಾರ್ಡ್ ಇಟ್ಟುಕೊಳ್ಳಿ. ಪ್ರತಿ ಫೀಲ್ಡರ್‌ಗೂ ಒಂದು ಸಂಖ್ಯೆ ಇದೆ. 6-4-3 ಎಂದು ಬರೆದರೆ ಶಾರ್ಟ್‌ಸ್ಟಾಪ್ ಎಂಬ ಫೀಲ್ಡರ್ ಹಿಡಿದು ಸೆಕೆಂಡ್ ಬೇಸ್‌ಗೆ, ಅಲ್ಲಿಂದ ಫಸ್ಟ್ ಬೇಸ್‌ಗೆ ಎಸೆದು ಇಬ್ಬರನ್ನು ಔಟ್ ಮಾಡಿದರು ಎಂದರ್ಥ. ಪಕ್ಕದಲ್ಲಿ ಕೂತ ಅಜ್ಜನನ್ನೋ ಅಜ್ಜಿಯನ್ನೋ ಕೇಳಿ, ಪ್ರೀತಿಯಿಂದ ಹೇಳಿಕೊಡುತ್ತಾರೆ. ನನಗೂ ಹಾಗೇ ಕಲಿಸಿದ್ದು.

ದಪ್ಪ ಜಾಕೆಟ್ ಮಾತ್ರ ಮರೆಯಬೇಡಿ. ಮಳೆ ಬಂದರೆ ಛಾವಣಿ ಜರುಗಿಸಿ ಮುಚ್ಚುತ್ತಾರೆ, ಆದರೆ ಪಕ್ಕಗಳು ತೆರೆದೇ ಇರುತ್ತವೆ. ಏಪ್ರಿಲ್ ರಾತ್ರಿಯ ಗಾಳಿ ಹುಬ್ಬಳ್ಳಿಯವರಿಗೆ ತಡೆಯುವುದಿಲ್ಲ.