ಹಳೇ ಸೇತುವೆಗಳ ಮೇಲೆ ಕೋಟೆಯಂಥ ಗೋಪುರ ಯಾಕಿರುತ್ತಿತ್ತು?

ಸೇತುವೆ ಊರಿನವರಿಗೆ ಎಷ್ಟು ಅನುಕೂಲವೋ ಶತ್ರುವಿಗೂ ಅಷ್ಟೇ ಅನುಕೂಲ. ಅದಕ್ಕೇ ಅದನ್ನೇ ಕೋಟೆಬಾಗಿಲಾಗಿ ಮಾಡಿಬಿಡುತ್ತಿದ್ದರು.

ಫ್ರಾನ್ಸಿನ ಕಾಒರ್ ಪಟ್ಟಣದ ವಾಲಾಂತ್ರೇ ಸೇತುವೆಯನ್ನೇ ನೋಡಿ. ಲಾಟ್ ನದಿ ಈ ಊರನ್ನು ಮೂರು ಕಡೆ ಸುತ್ತಿ ಹರಿಯುತ್ತದೆ, ನೀರೇ ಕಂದಕ. ಸೇತುವೆ ಕೆಲಸ 1308ರಲ್ಲಿ ಶುರುವಾಗಿ ಮುಗಿಯಲು ಸುಮಾರು 70 ವರ್ಷ ಹಿಡಿಯಿತು. ಆರು ದೊಡ್ಡ ಚೂಪು ಕಮಾನುಗಳು, ಮೇಲೆ ಮೂರು ಚೌಕ ಗೋಪುರಗಳು. ಎರಡು ತುದಿಯ ಗೋಪುರಗಳಿಗೆ ಬಾಗಿಲು ಮತ್ತು ಮೇಲಿಂದ ಇಳಿಬಿಡುವ ಕಂಬಿಗೇಟು, ನಡುವಿನದು ಕಾವಲಿಗೆ. ಕಂಬಗಳು ದೋಣಿಯ ಮೂತಿಯಂತೆ ಚೂಪಾಗಿ ಪ್ರವಾಹವನ್ನು ಸೀಳುತ್ತವೆ, ಅವುಗಳ ನೆತ್ತಿಯಲ್ಲೂ ಕೋಟೆಗೋಡೆಯ ಮೇಲಿರುವಂಥ ಹಲ್ಲುಹಲ್ಲಾದ ತೆನೆಗಳಿವೆ. ನನಗೆ ತುಂಬ ಹಿಡಿಸುವುದು ಈ ಜಾಣ್ಮೆ: ಒಂದೇ ಕಲ್ಲುಕಟ್ಟಡ ನೀರಿಗೂ ಎದೆಕೊಟ್ಟಿದೆ, ಸೈನ್ಯಕ್ಕೂ ಸಿದ್ಧವಾಗಿದೆ.

ಕೆಲಸ ತಡವಾಯಿತೆಂದು ಮೇಸ್ತ್ರಿ ಸೈತಾನನ ಜತೆ ಒಪ್ಪಂದ ಮಾಡಿಕೊಂಡನಂತೆ, ಕೊನೆಗೆ ಜರಡಿಯಲ್ಲಿ ನೀರು ತರಲು ಹೇಳಿ ಅವನನ್ನು ಸೋಲಿಸಿದನಂತೆ. ಸೇಡಿಗೆ ಸೈತಾನ ನಡುಗೋಪುರದ ಒಂದು ಮೂಲೆಗಲ್ಲನ್ನು ರಾತ್ರಿರಾತ್ರಿ ಕೀಳುತ್ತಿದ್ದನೆಂದು ಕಥೆ. 1879ರ ಜೀರ್ಣೋದ್ಧಾರದಲ್ಲಿ ವಾಸ್ತುಶಿಲ್ಪಿ ಪಾಲ್ ಗೂ (Paul Gout) ಆ ಮೂಲೆಯಲ್ಲಿ ಪುಟ್ಟ ಸೈತಾನನ ಕೆತ್ತನೆ ಇಡಿಸಿದರು. ಕಲ್ಲಿಗೆ ಜೋತುಬಿದ್ದು ಕೀಳಲು ಹೆಣಗುತ್ತಿರುವ ಅವನು ಈಗಲೂ ಅಲ್ಲಿದ್ದಾನೆ.